ಮೈಕ್ ಮುನೀರಣ್ಣ ತಾರೀಕು ಹುಡುಕಿದ್ದು

ಆಲೂರಿನ ಮುನೀರಣ್ಣನ ದನಿ ಕೇಳದ ಮನೆ ಒಂದು ಕಾಲದಲ್ಲಿ ಈ ಸೀಮೆಯಲ್ಲೇ ಇರಲಿಲ್ಲ. ಜೀಪಿಗೆ ಮೈಕ್ ಕಟ್ಟಿಕೊಂಡು ಕೆ. ಹೊಸಕೋಟೆಯಿಂದ ಹೊಂಗಡಹಳ್ಳದವರೆಗೂ ಸುತ್ತುತ್ತಿದ್ದರು. ಪೋಲಿಯೊ ಹನಿಯಾಗಲಿ, ನಾಟಕವಾಗಲಿ, ಸುದ್ದಿ ಮೊದಲು ಬರುತ್ತಿದ್ದದ್ದು ಅವರ ಬಾಯಿಂದಲೇ. ಎಸ್ಟೇಟ್ ಕಾರ್ಮಿಕರ ಲೈನ್ ಮನೆಗಳ ಹೆಂಗಸರು ಜೀಪ್ ನಿಲ್ಲಿಸಿ, "ಇನ್ನೊಂದ್ ಸಲ ಹೇಳಣ್ಣ, ಸೋಮವಾರನಾ, ಮಂಗಳವಾರನಾ?" ಎಂದು ಕೇಳಿ, ಬೆಲ್ಲದ ಕಾಫಿ ಕೊಟ್ಟು ಕಳಿಸುತ್ತಿದ್ದರು.

ಈಗ ಜೀಪೂ ಇಲ್ಲ, ಮೈಕೂ ಇಲ್ಲ. ಹೆಂಡತಿ ನೂರುನ್ನೀಸಾ ಅವರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮೊನ್ನೆ ಒಲೆ ಮೇಲಿನ ಪಾತ್ರೆ ಕಾಣದೆ ಕೈ ಸುಟ್ಟುಕೊಂಡರು.

ಪಕ್ಕದ ಮನೆಯ ಗಂಗಾಮಣಿ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಮುಲಾಮು ಹಚ್ಚುತ್ತಾ ಕೇಳಿದಳು, "ಹೋದ್ ತಿಂಗ್ಳು ಇಲ್ಲೇ ಕಣ್ಣಿನ ಕ್ಯಾಂಪ್ ಆಯ್ತಲ್ಲಕ್ಕ, ಹೋಗ್ಲಿಲ್ವಾ?"

ಮುನೀರಣ್ಣ ಬೆಚ್ಚಿದರು. "ನಮ್ಮೂರಲ್ಲೇನಾ? ಯಾರೂ ಸಾರ್ಲೇ ಇಲ್ವಲ್ಲಮ್ಮ!"

"ಆನ್‌ಲೈನ್ ಕ್ಯಾಲೆಂಡರ್‌ನಲ್ಲಿ ಹಾಕಿದ್ರು ಕಣಣ್ಣ."

"ಫೋನೊಳಗೆ ಹಾಕ್ಬುಟ್ರೆ ಯಾರಿಗೆ ಕೇಳ್ಸುತ್ತೆ? ನಾನಿದ್ದಾಗ ಕಿವುಡ್ರಿಗೂ ಗೊತ್ತಾಗೋದು!" ಎಂದವರ ದನಿ ತಗ್ಗಿತು. "ಊರಿಗೆಲ್ಲಾ ಹೇಳ್ದೋನು ನಾನು. ಇವಳಿಗೇ ಹೇಳಕ್ಕಾಗ್ಲಿಲ್ಲ."

"ಅದು ತಾನಾಗಿ ಬಂದು ಕೂಗಲ್ಲಣ್ಣ, ನಾವೇ ಹುಡುಕ್ಬೇಕು," ಎಂದು ಗಂಗಾಮಣಿ ಮುನೀರಣ್ಣನ ಫೋನಿನಲ್ಲೇ ಆರೋಗ್ಯ ಶಿಬಿರಗಳ ಕ್ಯಾಲೆಂಡರ್ ತೆಗೆದಳು. "ಇಲ್ಲಿ ಭೂತಗನ್ನಡಿ ಚಿತ್ರ ಐತಲ್ಲ, ಒತ್ತಿ. ಬೇಕಾದ್ದು ಬರೀರಿ."

ಮುನೀರಣ್ಣ ಬರೆದರು: 'ಆಲೂರಿನ ಮಹಾಜನರಿಗೆ ಕಣ್ಣಿನ ಶಿಬಿರ ಯಾವಾಗ'. ಏನೂ ಸಿಗಲಿಲ್ಲ.

"ನೋಡ್ದ್ಯಾ? ಏನೂ ಇಲ್ಲ!"

"ಅಷ್ಟುದ್ದ ಬೇಡಣ್ಣ. ಒಂದೇ ಪದ ಸಾಕು."

'ಕಣ್ಣು' ಎಂದು ಹಾಕಿದರು. ಆಗಲೂ ಇಲ್ಲ.

"ಅವ್ರು ಬೇರೆ ಪದ ಬರ್ದಿರ್ತಾರೆ. 'ನೇತ್ರ' ಅಂತ ಹಾಕಿ."

ಎರಡು ಶಿಬಿರ ಕಂಡವು. ಒಂದು ಮುಗಿದದ್ದು. ಇನ್ನೊಂದು ಬರುವ ಗುರುವಾರ, ಕೆ. ಹೊಸಕೋಟೆ ಶಾಲೆಯಲ್ಲಿ.

"ಕೆಳಗಿರೋ ನಂಬರ್‌ಗೂ ಒಂದ್ ಫೋನ್ ಮಾಡಿ," ಎಂದಳು ಗಂಗಾಮಣಿ. ಮಾಡಿದ್ದು ಒಳ್ಳೆಯದಾಯಿತು. ಜಾಗ ಬದಲಾಗಿ ಶಿಬಿರ ಸಮುದಾಯ ಭವನಕ್ಕೆ ಹೋಗಿತ್ತು.

ಗುರುವಾರ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮುನೀರಣ್ಣನದು ಒಂದೇ ಮಾತು. "ಇದೇ ತಿರುವಲ್ಲಿ ಜೀಪ್ ನಿಲ್ಸ್ತಿದ್ದೆ. ಆ ಅತ್ತಿಮರದ ಕೆಳಗೆ ನೂರು ಜನ ಸೇರೋರು ಕಣೇ." ನೂರುನ್ನೀಸಾ ಮಬ್ಬು ಕಿಟಕಿಯತ್ತ ಮುಖ ಮಾಡಿ, "ಮರ ಇನ್ನೂ ಐತಾ?" ಎಂದರು.

"ಐತೆ. ವಾಪಸ್ ಬರೋವಾಗ ನೀನೇ ನೋಡೀಯಂತೆ."

ಅಷ್ಟು ಬೇಗ ಆಗಲಿಲ್ಲ. ಶಿಬಿರದಲ್ಲಿ ತಪಾಸಣೆಯಾಯಿತು, ಹತ್ತು ದಿನ ಬಿಟ್ಟು ಆಸ್ಪತ್ರೆಯಲ್ಲಿ ಒಂದು ಕಣ್ಣಿನ ಆಪರೇಷನ್. ಪಟ್ಟಿ ಬಿಚ್ಚಿದಾಗ ನೂರುನ್ನೀಸಾ ಎದುರಿಗಿದ್ದ ಗಂಡನನ್ನು ಬಹಳ ಹೊತ್ತು ನೋಡಿದರು.

"ಅಯ್ಯೋ, ಗಡ್ಡ ಯಾವಾಗ್ ಇಷ್ಟು ಬೆಳ್ಳಗಾಯ್ತ್ರೀ?"

ಮುನೀರಣ್ಣ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಅಕ್ಕ, ಅಣ್ಣ, ನಿಮ್ಮ ಕಡೆಯ ಶಿಬಿರಗಳಿಗೂ ಇಂಥ ಕ್ಯಾಲೆಂಡರ್ ಇದೆಯೇ ಎಂದು ಲೈಬ್ರರಿಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ಕೇಳಿ. ಇದ್ದರೆ, ಚಿಕ್ಕ ಪದ ಹಾಕಿ ಹುಡುಕಿ. ಸಿಗದಿದ್ದರೆ ಅದೇ ಅರ್ಥದ ಇನ್ನೊಂದು ಪದ ಹಾಕಿ. ಊರು, ತಾರೀಕು ನೋಡಿ, ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಫೋನ್ ನೋಡಲು ಬಾರದವರು ನಿಮ್ಮ ಬೀದಿಯಲ್ಲೂ ಇದ್ದಾರೆ. ಇವತ್ತೇ ಅವರ ಮನೆಗೆ ಹೋಗಿ, ಯಾವ ಶಿಬಿರದ ತಾರೀಕು ಬೇಕು ಎಂದು ಕೇಳಿ.