ಹದಿನಾಲ್ಕನೇ ಸಲದ ಮಾತು

ತಾಂಪೆರೆ ನಗರದಲ್ಲಿ ಮುಚ್ಚಿಹೋಗಿದ್ದ ಈಜುಕೊಳವೊಂದರಲ್ಲಿ ನಾವು ಆ ಸಿನಿಮಾ ತೆಗೆದೆವು. ಸಿನಿಮಾ ಮಂದಿಯನ್ನೇ ಗೇಲಿ ಮಾಡುವ ಹಾಸ್ಯಚಿತ್ರ. ಇದ್ದವರು ಏಳೇ ಜನ. ಧ್ವನಿ ಹಿಡಿಯುವ ನಾನೇ ಮಧ್ಯಾಹ್ನ ಎಲ್ಲರಿಗೂ ಬಟಾಣಿ ಸೂಪು ಬಿಸಿ ಮಾಡಬೇಕಿತ್ತು. ಕಥೆ ಬರೆದು ನಿರ್ದೇಶಿಸುತ್ತಿದ್ದವನು ತಾರ್ಮೊ.

ನಮ್ಮ ನಟಿ ಇರ್ಮೆಲಿಗೆ ಅರವತ್ತಮೂರು ವರ್ಷ. ಮೂವತ್ತು ವರ್ಷ ತೆರೆಯ ಮೇಲೆ ನಾಯಕನ ತಾಯಿ, ನರ್ಸು, ಒಮ್ಮೊಮ್ಮೆ ಹೆಣ ಆಗಿದ್ದವರು. ನಮ್ಮಲ್ಲಿ ಅವರದು ದಡ್ಡ ನಿರ್ದೇಶಕನೊಬ್ಬನ ಕೈಯಲ್ಲಿ ಸಿಕ್ಕಿಬಿದ್ದ ಹಳೆಯ ನಟಿಯ ಪಾತ್ರ.

ನಾಲ್ಕನೆಯ ದಿನ ಅವರು ಅಳಬೇಕಿತ್ತು. ತಾರ್ಮೊಗೆ ಸಮಾಧಾನವೇ ಆಗಲಿಲ್ಲ. ಹದಿಮೂರು ಸಲ ಬರಿಗಾಲಲ್ಲಿ ತಣ್ಣನೆಯ ಟೈಲ್ಸ್ ನೆಲದ ಮೇಲೆ ನಿಂತವರು, ಹದಿನಾಲ್ಕನೇ ಸಲಕ್ಕೆ ಕೊಳದ ಅಂಚಿನಲ್ಲಿ ಕೂತುಬಿಟ್ಟರು.

"ಸಾಕಪ್ಪ ತಾರ್ಮೊ. ‘ಇನ್ನೂ ಸ್ವಲ್ಪ ಭಾವ ಹಾಕಿ’ ಅನ್ನೋದನ್ನ ಮೂವತ್ತು ವರ್ಷದಿಂದ ಕೇಳಿಸ್ಕೊಳ್ತಿದೀನಿ. ಹೆಣ ಆಗಿ ಮಲಗಿದ್ದಾಗ್ಲೂ ಹೇಳಿದ್ರು. ಇದ್ದಿದ್ದೆಲ್ಲ ನಿಮ್ಮಂಥವರಿಗೇ ಕೊಟ್ಟು ಮುಗೀತು. ನಮ್ಮಮ್ಮ ತೀರಿಕೊಂಡ ದಿನ ನಂಗೆ ಅಳೂನೇ ಬರ್ಲಿಲ್ಲ."

ಕ್ಯಾಮೆರಾ ಓಡುತ್ತಲೇ ಇತ್ತು. ನಾನೂ ನನ್ನ ಯಂತ್ರ ನಿಲ್ಲಿಸಲಿಲ್ಲ. ಅದನ್ನು ಅವರಿಗೆ ಯಾರೂ ಹೇಳಲಿಲ್ಲ.

ಎರಡು ತಿಂಗಳ ಮೇಲೆ ಪರಿಚಯದ ಇಪ್ಪತ್ತು ಮಂದಿಯನ್ನು ಕೂರಿಸಿ ಚಿತ್ರ ತೋರಿಸಿದೆವು. ಅಲ್ಲಿಯತನಕ ಸುಮ್ಮನಿದ್ದವರು, ಕೊಳದಂಚಿನ ಆ ಮಾತು ತೆರೆಗೆ ಬಂದಾಗ ಬಿದ್ದು ಬಿದ್ದು ನಕ್ಕರು. ಇರ್ಮೆಲಿ ನಗಲಿಲ್ಲ, ಎದ್ದೂ ಹೋಗಲಿಲ್ಲ. ಎಲ್ಲರೂ ಹೊರಟ ಮೇಲೆ ತಾರ್ಮೊ ತಲೆ ತಗ್ಗಿಸಿ ಬಂದ. ಅದನ್ನು ಕತ್ತರಿಸುತ್ತೇನೆ ಎಂದ. ಅದು ಹೋದರೆ ಚಿತ್ರದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ ಎಂದೂ ಒಪ್ಪಿಕೊಂಡ.

"ಬರೆದವರು ಅಂತ ಯಾರ ಹೆಸರಿದೆ?" ಇರ್ಮೆಲಿ ಕೇಳಿದರು.

"ನಂದು."

"ಆ ಮಾತು ನೀನು ಬರ್ದಿದ್ದಾ?"

ಅವನು ಅಲ್ಲವೆಂದು ತಲೆಯಾಡಿಸಿದ.

"ತೆಗೀಬೇಡ. ನನ್ ಹೆಸರೂ ಹಾಕು. ನಿನ್ ಹೆಸರಿಗಿಂತ ಮೇಲೆ."

ಟ್ರಾಮ್ ನಿಲ್ದಾಣದವರೆಗೆ ಇರ್ಮೆಲಿಯ ಜೊತೆಗೆ ನಡೆದೆ. ನನ್ನದು ತಪ್ಪಾಯಿತು ಎಂದೆ. ಎಲ್ಲರೂ ಹೊಟ್ಟೆಪಾಡಿಗೇ ಮಾಡುವುದು, ಆದರೂ ಯಂತ್ರ ಓಡುತ್ತಿದೆ ಅಂತ ಒಂದು ಮಾತು ಹೇಳಬಹುದಿತ್ತು ಎಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಚಿತ್ರ ಒಂದೇ ಒಂದು ಥಿಯೇಟರಿನಲ್ಲಿ ಹನ್ನೊಂದು ದಿನ ಓಡಿತು. ಅವರ ಹೆಸರು ಮೇಲೇ ಇತ್ತು. ಆಮೇಲೆ ಬಂದ ಎರಡು ಪಾತ್ರಗಳನ್ನು ಅವರು ಬೇಡವೆಂದರಂತೆ. ಈಗ ಗ್ರಂಥಾಲಯದಲ್ಲಿ ಕಣ್ಣು ಕಾಣದವರಿಗೆ ಪತ್ರಿಕೆ ಓದಿ ಹೇಳುತ್ತಾರೆ. ಒಮ್ಮೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕೇಳಿದೆ. ಹವಾಮಾನದ ಸುದ್ದಿ ಓದುತ್ತಿದ್ದರು, ಯಾವ ಭಾವವನ್ನೂ ಹಾಕದೆ.