ಸೊಸೆಯರ ಕೈಯ ಪಂಜಾ

ನಾನು ಒಂದು ಪಂಜಾ. ಜಮಖಾನ ನೇಯುವವರು ಅಡ್ಡ ನೂಲನ್ನು ಬಡಿದು ಕೂಡಿಸುವ ಕಬ್ಬಿಣದ ಹಣಿಗೆ. ನವಲಗುಂದದ ಒಬ್ಬ ಕಮ್ಮಾರ ಹಳೆಯ ಗಾಡಿಯ ಪಟ್ಟಿಯನ್ನು ಕಾಯಿಸಿ ನನಗೆ ಹಲ್ಲು ಕೊಟ್ಟ. ಆ ಬೆಂಕಿ ನನಗೆ ಅಷ್ಟಾಗಿ ನೆನಪಿಲ್ಲ. ನನ್ನನ್ನು ಮೊದಲು ಹಿಡಿದು ನೇಯ್ದ ಖತೀಜಾಬಿಯ ಅಂಗೈಯ ಬಿಸುಪು ಮಾತ್ರ ಚೆನ್ನಾಗಿ ನೆನಪಿದೆ.

ಬಿಸ್ಮಿಲ್ಲಾ ಎಂದು ಅಲ್ಲಾಹನ ಹೆಸರು ಹೇಳದೆ ಆಕೆ ದಿನದ ಮೊದಲ ಪೆಟ್ಟು ಹಾಕಿದವಳಲ್ಲ. ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಎದುರುಬದುರು ನಿಂತ ಎರಡು ನವಿಲುಗಳ ನೇಯ್ಗೆಯನ್ನು ಸೊಸೆಗೆ ಕಲಿಸಬೇಕು, ಮಗಳಿಗೆ ಕಲಿಸಬಾರದು. ಮಗಳು ಮದುವೆಯಾಗಿ ಹೋದರೆ ನವಿಲೂ ಬೇರೆ ಮನೆಗೆ ಹೋದೀತೆಂಬ ಭಯ. ಹೀಗೆ ನಾನು ಸೊಸೆ ಜೈತುನಬಿಯ ಕೈಗೆ ಬಂದೆ. ಜೈತುನಬಿಗೆ ಗಂಡುಮಕ್ಕಳಿಲ್ಲ, ಸೊಸೆ ಬರುವಂತಿಲ್ಲ. ಇದ್ದವಳು ಒಬ್ಬಳೇ ಮಗಳು, ಶಾಹಿದಾ. ಅವಳು ಬಾಗಿಲ ಬಳಿ ಬಂದರೆ ತಾಯಿ ಮಗ್ಗದ ಮೇಲೆ ಬಟ್ಟೆ ಮುಚ್ಚುತ್ತಿದ್ದಳು.

ಖತೀಜಾಬಿ ಅಲ್ಲಾಹನ ಕರೆಗೆ ಓಗೊಟ್ಟ ಮೇಲೆ ಜೈತುನಬಿ ಬಿಸ್ಮಿಲ್ಲಾವನ್ನು ಮನಸ್ಸಿನಲ್ಲೇ ಹೇಳಿಕೊಳ್ಳತೊಡಗಿದಳು. ಬಾಯಿಬಿಟ್ಟರೆ ಅಳು ಬರುತ್ತಿತ್ತು. ಕೈ ಬದಲಾದರೂ ಆ ದನಿಗಾಗಿ ನಾನೂ ಕಾಯುತ್ತಿದ್ದೆ.

ಆಗ ಧಾರವಾಡದಲ್ಲಿ ಒಂದು ಸಭೆ ಸೇರಿತು. ಫೋನು, ಕಂಪ್ಯೂಟರುಗಳ ಮೂಲಕ ದೇಶದೇಶಗಳ ನಡುವೆ ನಡೆಯುವ ವ್ಯಾಪಾರಕ್ಕೆ ಒಂದು ಒಪ್ಪಂದವಂತೆ. ಅದಕ್ಕೆ ನಮ್ಮ ದೇಶ ಸೇರಬೇಕೇ ಬೇಡವೇ ಎಂದು ಜನರನ್ನು ಕೇಳುವ ಸಭೆ. ಜೈತುನಬಿ ಒಂದು ಜಮಖಾನವನ್ನೂ ನನ್ನನ್ನೂ ಚೀಲದಲ್ಲಿಟ್ಟು, ಮಗಳೊಡನೆ ಹೋದಳು. ಅಧಿಕಾರಿ ಆಕೆಗೆ ಮೈಕು ಕೊಟ್ಟರು.

“ಸೇರಿದ್ರ ಹೊರದೇಶದಾಗ ಮಾರೋದು ಸಸಾರ ಆಗ್ತದ ಅಂತೀರಿ. ಆಗ್ಲಿರಿ ಸಾಹೇಬ್ರ. ಆದ್ರ ಫೋನಿನಾಗ ನಮ್ಮ ನವಿಲು ನೋಡಿ ಅಲ್ಲಿ ಯಾವನೋ ಮಷಿನ್ನಿನಾಗ ನೇಯ್ದ್ರ? ನಮ್ಮ ಹೆಸರು ಉಳಿಸೋ ಮಾತು ಆ ಒಪ್ಪಂದದಾಗ ಅದ ಏನ್ರಿ?”

“ಈಗ ಹೇಳಾಕ ಬರೂದಿಲ್ರಿ ಅಮ್ಮಾ. ಬರ್ಕೊಂಡೀನಿ, ಮ್ಯಾಲೆ ಕಳಿಸ್ತೀನಿ.”

ಹಿಂದೆ ಕುಳಿತಿದ್ದ ನಮ್ಮ ಓಣಿಯ ಮುದುಕಿ ಹುಸೇನಬಿ ನಕ್ಕಳು. “ಏ ಜೈತುನ, ಯಾವನೋ ಕದೀತಾನಂತ ಇಲ್ಲಿತನಕ ಬಂದಿ. ನಿನ್ನ ಮಗಳಿಗೆ ಒಂದು ಪುಕ್ಕಾ ನೇಯಾಕ ಬರ್ತದೇನ? ನೀ ಹೋದ ಮ್ಯಾಲೆ ಆ ಮಷಿನ್ನಿನವನೇ ನಿಮ್ಮ ಮನಿ ವಾರಸದಾರ ನೋಡ.”

ಸಭೆಯೆಲ್ಲ ನಕ್ಕಿತು. ಶಾಹಿದಾ ನೆಲ ನೋಡಿದಳು. ಚೀಲದೊಳಗೆ ಜೈತುನಬಿಯ ಕೈ ನನ್ನನ್ನು ಬಿಗಿಯಾಗಿ ಹಿಡಿಯಿತು.

“ಸಾಹೇಬ್ರ, ಇದನ್ನೂ ಬರ್ಕೋರಿ,” ಎಂದಳು. “ಹೆಸರು ಉಳಿಸೋ ಮಾತು ಹಾಕಿ ಸೇರ್ರಿ. ನವಿಲು ಉಳಿಸೋದು ನಾವು ನೋಡ್ಕೋತೀವಿ.”

ಮರುದಿನ ಬೆಳಿಗ್ಗೆ ಮಗ್ಗದ ಮೇಲಿನ ಬಟ್ಟೆ ತೆಗೆದು, ನನ್ನನ್ನು ಮಗಳ ಕೈಗಿಟ್ಟಳು.

ಶಾಹಿದಾ ಹಿಂಜರಿದಳು. “ಅಜ್ಜಿ ಇದ್ದಿದ್ರ ಬೈತಿದ್ಲು, ಅಮ್ಮೀ.”

“ಬೈಲಿ. ಬೈಯಾಕರ ಒಮ್ಮೆ ಬರ್ಲಿ.”

ಹುಡುಗಿ ಕೈ ಎತ್ತಿದಳು. ತಾಯಿ ಮೆಲ್ಲನೆ ಆ ಕೈ ತಡೆದಳು. ಬಹಳ ದಿನಗಳ ಮೇಲೆ ಆ ಕೋಣೆಯಲ್ಲಿ ಬಿಸ್ಮಿಲ್ಲಾ ಕೇಳಿಸಿತು, ಎರಡು ದನಿಗಳಲ್ಲಿ. ಆಮೇಲೆ ಪೆಟ್ಟು ಬಿತ್ತು. ಸೊಟ್ಟಗೆ ಬಿತ್ತು.

ಶಾಹಿದಾ ನವಿಲು ಕಲಿಯುವಷ್ಟರಲ್ಲಿ ನನ್ನ ಹಲ್ಲುಗಳು ಸವೆದಿವೆ. ದೊಡ್ಡ ಕೆಲಸಕ್ಕೆ ಹೊಸ ಪಂಜಾ ಬಂದಿದೆ. ಒಪ್ಪಂದದ ತೀರ್ಮಾನ ಏನಾಯಿತೋ ನಮ್ಮ ಓಣಿಗೆ ಇನ್ನೂ ತಿಳಿದಿಲ್ಲ. ಬರುವ ತಿಂಗಳು ಶಾಹಿದಾಳ ನಿಕಾಹ್. ಅವಳ ಟ್ರಂಕಿನಲ್ಲಿ, ಹೊಸ ಬಟ್ಟೆಗಳ ಕೆಳಗೆ, ಜೈತುನಬಿ ನನ್ನನ್ನು ತಾನೇ ಇಟ್ಟಿದ್ದಾಳೆ. ನವಿಲು ಬೇರೆ ಮನೆಗೆ ಹೋದೀತೆಂದು ಖತೀಜಾಬಿ ಹೆದರುತ್ತಿದ್ದಳು. ಹೌದು ತಾಯಿ, ಹೋಗುತ್ತಿದೆ. ಆ ಮನೆಯಲ್ಲೂ ದಿನದ ಮೊದಲ ಪೆಟ್ಟಿಗೆ ಮುನ್ನ ನಿನ್ನ ಮಾತೇ ಕೇಳಿಸುತ್ತದೆ.