ಮೂವತ್ತೇಳನೆಯ ವಿದ್ಯಾರ್ಥಿ

ಲೆಕ್ಕದಲ್ಲಿ ಹಿಂದುಳಿದ ಮೂವತ್ತಾರು ಮಕ್ಕಳಿಗೆಂದು ಶಾಲೆಗೆ ಟ್ಯಾಬ್‌ಗಳು ಬಂದಾಗ, ಆ ಕೋಣೆ ಕಾಯುವ ಕೆಲಸ ಡ್ರಿಲ್ ಮೇಷ್ಟ್ರ ಕೊರಳಿಗೆ ಬಿತ್ತು. ಅವರ ಸೀಟಿಗೆ ಇಡೀ ಮೈದಾನ ನಡುಗುತ್ತಿತ್ತು. ಅವರು ನಡುಗುತ್ತಿದ್ದುದು ಭಿನ್ನರಾಶಿಗೆ ಮಾತ್ರ. ಚಿಕ್ಕಂದಿನಿಂದಲೂ ಅದು ಅವರಿಗೆ ಕಬ್ಬಿಣದ ಕಡಲೆ. ಮಕ್ಕಳು ಏನಾದರೂ ಕೇಳಿದರೆ ಟ್ಯಾಬನ್ನೇ ಕೇಳಿ ಎಂದು ಜಾರಿಕೊಳ್ಳುತ್ತಿದ್ದರು.

ಆದರೆ ಟ್ಯಾಬಿನ ಒಂದು ಗುಣ ಅವರಿಗೆ ಬಲು ಹಿಡಿಸಿತು. ಎಷ್ಟು ಸಲ ತಪ್ಪಿದರೂ ಅದು ಗದರುತ್ತಿರಲಿಲ್ಲ. ಪರದೆಯ ಮೇಲೆ ಕಾಗದದ ಚಿತ್ರ ಮಡಿಸಿ ಮಡಿಸಿ, ಅರ್ಧ, ಕಾಲು ಎಂದು ಮತ್ತೆ ತೋರಿಸುತ್ತಿತ್ತು. ಒಂದು ಸಂಜೆ ಮಕ್ಕಳೆಲ್ಲ ಹೋದಮೇಲೆ ಮೇಷ್ಟ್ರು ಬಾಗಿಲು ಮುಂದೆ ಮಾಡಿ, ಪಟ್ಟಿಗೆ ಮೂವತ್ತೇಳನೆಯವನನ್ನು ಸೇರಿಸಿದರು. ಹೆಸರು ಹೊಸಬ, ವಯಸ್ಸು ಹನ್ನೊಂದು. ಅಂದಿನಿಂದ ದಿನಾ ಅರ್ಧ ಗಂಟೆ ಕದ್ದು ಕಲಿಕೆ.

ಪ್ರತಿ ಶನಿವಾರ ಎಲ್ಲರ ವರದಿ ತಾನಾಗಿ ಹೆಡ್‌ಮೇಡಂಗೆ ಹೋಗುತ್ತದೆಂಬುದು ಮಾತ್ರ ಅವರಿಗೆ ತಿಳಿದಿರಲಿಲ್ಲ. ಹೊಸಬನ ಸ್ಥಿತಿ ಎಲ್ಲರಿಗಿಂತ ಕಡೆ ಎಂದಿತ್ತು ವರದಿ. ಹೆಡ್‌ಮೇಡಂ ಮೇಷ್ಟ್ರನ್ನು ಕರೆಸಿ, ಆ ಮಗುವಿನ ತಂದೆತಾಯಿಯನ್ನು ಕರೆತನ್ನಿ ಎಂದರು. ನಿಜ ಹೇಳಲು ನಾಲಿಗೆ ಏಳಲಿಲ್ಲ. ತಂದೆ ಇಲ್ಲ, ತಾಯಿ ಇದ್ದಾರೆ ಎಂದರು ಮೇಷ್ಟ್ರು. ಅದೇನೂ ಸುಳ್ಳಲ್ಲ.

ಸೋಮವಾರ ಎಪ್ಪತ್ತು ದಾಟಿದ ತಮ್ಮ ಅಮ್ಮನನ್ನೇ ಕರೆತಂದರು. ಏನು ಕೇಳಿದರೂ ತಲೆಯಾಡಿಸಿದರೆ ಸಾಕೆಂದು ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದರು. ಹುಡುಗನ ಅಜ್ಜಿಯಿರಬೇಕೆಂದುಕೊಂಡ ಹೆಡ್‌ಮೇಡಂ ಮೆತ್ತಗೆ ಕೇಳಿದರು: "ನಿಮ್ಮ ಹುಡುಗ ಲೆಕ್ಕದಲ್ಲಿ ಸ್ವಲ್ಪ ಹಿಂದೆ ಅಮ್ಮ. ಮನೇಲಿ ಯಾರಾದ್ರೂ ಹೇಳ್ಕೊಡ್ತಾರಾ?"

ಮಗನ ಲೆಕ್ಕದ ಮಾತೆತ್ತಿದರೆ ಯಾವ ತಾಯಿ ಬರೀ ತಲೆಯಾಡಿಸಿಯಾಳು? "ಮೊದಲಿಂದ್ಲೂ ಹಾಗೇ ಕಣಮ್ಮ. ಅವನ ಹೆಂಡ್ತಿ ಹೇಳ್ಕೊಡೋಕೆ ಹೋದ್ಲು. ಮುಖ ಊದಿಸ್ಕೊಂಡು ಎದ್ದುಹೋದ."

"ಹೆಂಡ್ತೀನಾ?" ಎಂದರು ಹೆಡ್‌ಮೇಡಂ. ಅವರ ಕಣ್ಣು ಬಾಗಿಲ ಕಡೆ ಹೊರಳಿತು. ಅಲ್ಲಿ ಡ್ರಿಲ್ ಮೇಷ್ಟ್ರು ಬಗ್ಗಿ, ಬಿಚ್ಚದ ಶೂ ದಾರವನ್ನು ಕಟ್ಟುತ್ತಿದ್ದರು.

ಹೆಡ್‌ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಶಿಕ್ಷೆ ಹೇಳಿದರು: ಇನ್ನು ಕದ್ದು ಕಲಿಯುವಂತಿಲ್ಲ, ಮಕ್ಕಳ ಜೊತೆಗೇ ಕೂರಬೇಕು.

ಮರುದಿನ ಮೇಷ್ಟ್ರು ಕಿವಿ ಕೆಂಪಗೆ ಮಾಡಿಕೊಂಡು ಕೊನೆಯ ಬೆಂಚಿನಲ್ಲಿ ಕೂತರು. ಯಾವತ್ತೂ ಬಾಯಿ ಬಿಡದ, ಎಲ್ಲರೂ ಗುಬ್ಬಿ ಎಂದು ಕರೆಯುತ್ತಿದ್ದ ಹುಡುಗಿ ಅವರ ಟ್ಯಾಬಿನೊಳಗೆ ಇಣುಕಿದಳು.

"ಕೆಳಗಿನ ಅಂಕಿ ಕೂಡಬಾರ್ದು ಸಾರ್," ಎಂದಳು ಪಿಸುದನಿಯಲ್ಲಿ. "ಹೋದ ವಾರದವರೆಗೂ ನಾನೂ ಕೂಡ್ತಿದ್ದೆ."

ಮೇಷ್ಟ್ರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನೋಡನೋಡುತ್ತ ಉಳಿದವರೂ ಮೇಷ್ಟ್ರಿಗೆ ಪಾಠ ಹೇಳಲು ಮುಗಿಬಿದ್ದರು. ಹೇಳಿಕೊಡುವ ಹುರುಪಿನಲ್ಲಿ ತಾವೂ ಕಲಿತರು. ಮೇಷ್ಟ್ರೂ ಕೂತು ಬರೆದ ಪರೀಕ್ಷೆಯಲ್ಲಿ ಗುಬ್ಬಿ ಅವರಿಗಿಂತ ಅರ್ಧ ಅಂಕ ಮುಂದೆ. ಮೇಷ್ಟ್ರು ಆ ಅರ್ಧ ಅಂಕಕ್ಕಾಗಿ ಲೆಕ್ಕದ ಟೀಚರ್ ಜೊತೆ ಎರಡು ದಿನ ವಾದ ಮಾಡಿ ಸೋತರು.